ಹಾಯುವ ಎತ್ತು

ಸಂಗಮೇಶ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಪೂರ್ತಿ ಕಥೆ ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಯಲಹಂಕ ನ್ಯೂಟೌನಿನ ಆಚೆ, ಕಾರ್ಖಾನೆಗಳ ಸಾಲಿನಲ್ಲಿ ವರದಾ ವೈರಿಂಗ್ಸ್ ಅಂತ ಒಂದಿದೆ. ಅಲ್ಲಿ ಅವನು ಎಚ್.ಆರ್. ಮ್ಯಾನೇಜರು. ಕೆಲಸಕ್ಕೆ ಸೇರಿಸಿಕೊಳ್ಳುವುದು, ರಜೆ ಕೊಡುವುದು, ಜಗಳ ಬಿಡಿಸುವುದು, ಅತ್ತವರಿಗೆ ಕುಡಿಯಲು ನೀರು ಕೊಡುವುದು, ಎಲ್ಲಾ ಅವನ ಮೇಜಿಗೇ ಬರುತ್ತದೆ. ಮೂಲ ಮುದ್ದೇಬಿಹಾಳದ ಕಡೆ. ಬೆಂಗಳೂರಿಗೆ ಬಂದು ಅರ್ಧ ಆಯುಸ್ಸು ಕಳೆದಿದೆ, ಅಟ್ಟೂರಿನಲ್ಲಿ ಮನೆ ಮಾಡಿದ್ದಾನೆ, ಮಾತು ಇಲ್ಲಿಯದೇ ಆಗಿದೆ. ಆದರೂ ಹೆದರಿದಾಗ ಮಾತ್ರ ಊರಿನ ಭಾಷೆ ತಾನಾಗಿ ಬಾಯಿಗೆ ಬಂದುಬಿಡುತ್ತದೆ.

ಊರಿನಿಂದ ಅವನು ತಂದದ್ದು ಭಾಷೆ ಒಂದೇ ಅಲ್ಲ. ಅಜ್ಜ ಅಪ್ಪಾಸಾಹೇಬನ ಒಂದು ಜಾಣತನವನ್ನೂ ತಂದಿದ್ದ. ಅಜ್ಜನ ಹತ್ತಿರ ಒಂದು ಬಿಳಿ ಎತ್ತಿತ್ತು. ಎಷ್ಟು ಸಾಧು ಅಂದರೆ ಮನೆಯ ಮಕ್ಕಳು ಅದರ ಹೊಟ್ಟೆಯ ಕೆಳಗೆ ಕೂತು ಗೋಲಿ ಆಡುತ್ತಿದ್ದರು. ಪಕ್ಕದೂರಿನ ಬೀಗರು ಆ ಎತ್ತನ್ನು ಕೇಳಲು ಬಂದರು. ಕೊಡಲು ಅಜ್ಜನಿಗೆ ಮನಸ್ಸಿಲ್ಲ, ಬೀಗರಿಗೆ ಇಲ್ಲ ಅನ್ನುವ ಹಾಗೂ ಇಲ್ಲ. "ಕೊಡೂದಕ್ಕೇನ್ರಿ, ಇವತ್ತ ಹೊಡಕೊಂಡು ಹೋಗ್ರಿ. ಆದರ ಎತ್ತು ಹಾಯ್ತೈತಿ. ನಿಮ್ಮ ಮನ್ಯಾಗ ಸಣ್ಣ ಹುಡುಗೂರು ಅದಾವು. ನಾಳಿ ಏನರೆ ಆದ್ರ ನನ್ನ ಹೆಸರು ಕೆಡತೈತಿ ಅಂತ ಹೇಳಾಕತ್ತೀನಿ" ಎಂದ. ಬೀಗರು ಕೈಮುಗಿದು, ಉಪಕಾರವಾಯಿತು ಎಂದು ಹೇಳಿ ಹೋದರು. ಅವರು ಓಣಿ ದಾಟಿದ ಮೇಲೆ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪುಟ್ಟ ಸಂಗಮೇಶನೂ ನಕ್ಕ. ಅಜ್ಜನಂಥ ಬುದ್ಧಿವಂತ ಈ ಸೀಮೆಯಲ್ಲೇ ಇಲ್ಲ ಅಂದುಕೊಂಡ.

ಎತ್ತಿಗೆ ಕನ್ನಡ ಬರುವುದಿಲ್ಲ. ತನ್ನ ಬಗ್ಗೆ ಯಾರು ಏನಂದರು ಅಂತ ಅದು ಕೊರಗುವುದೂ ಇಲ್ಲ. ಈ ವ್ಯತ್ಯಾಸ ಅವನಿಗೆ ಹೊಳೆಯಬೇಕಾದರೆ ನಲವತ್ತು ದಾಟಬೇಕಾಯಿತು.

ವರದಾ ವೈರಿಂಗ್ಸಿನಲ್ಲಿ ಆಟೋ, ಟ್ರ್ಯಾಕ್ಟರುಗಳ ಒಳಗೆ ಹರಿದಾಡುವ ವೈರುಗಳನ್ನು ಗೊಂಚಲು ಕಟ್ಟುತ್ತಾರೆ. ಉದ್ದಕ್ಕೆ ನಿಲ್ಲಿಸಿದ ಹಲಗೆಗಳ ಮುಂದೆ ಹೆಂಗಸರು ಸಾಲಾಗಿ ನಿಂತು, ಕೆಂಪು ಹಳದಿ ಹಸಿರು ವೈರುಗಳನ್ನು ಜಡೆ ಹೆಣೆದಂತೆ ಹೆಣೆದು ಟೇಪು ಸುತ್ತುತ್ತಾರೆ. ಆ ಸಾಲಿಗೆ ಲೈನ್ ಅನ್ನುತ್ತಾರೆ. ಇಡೀ ದಿನ ನಿಂತೇ ಮಾಡುವ ಕೆಲಸ. ಹೊಸ ಹುಡುಗಿಯರು ಬರುತ್ತಾರೆ, ಕಾಲು ನೋವು ಅಂತ ಅಳುತ್ತಾರೆ, ಸಂಬಳ ಕೈಗೆ ಬಂದ ಮಾರನೆಯ ದಿನ ಮಾಯವಾಗುತ್ತಾರೆ. ಒಂದು ಲೈನಿನಲ್ಲಿ ಮಾತ್ರ ಹೀಗಾಗುತ್ತಿರಲಿಲ್ಲ. ಅದು ಧನಲಕ್ಷ್ಮಿಯ ಲೈನು.

ಧನಲಕ್ಷ್ಮಿ ಪುಟ್ಟೇನಹಳ್ಳಿಯವಳು, ಕೆರೆಯ ಪಕ್ಕದ ಹಳೇ ಮನೆತನ. ಎಲ್ಲರಿಗೂ ಅವಳು ಧನಕ್ಕ. ಅವಳ ಬಾಯಿಗೆ ಕಂಪ್ರೆಸರಿನ ಸದ್ದೂ ಸಮನಲ್ಲ. ಮೊದಲ ದಿನ ಟೇಪು ಸುತ್ತಲು ಬಾರದೆ ಅಳುವ ಹುಡುಗಿಗೆ, "ಏಯ್, ಯಾಕಮ್ಮಿ ಅಳ್ತೀಯ? ಕೈ ಕೊಟ್ಟಿದ್ದು ವೈರ್ ತಾನೆ, ಗಂಡ ಅಲ್ವಲ್ಲ!" ಅನ್ನುವಳು. ಅಳುತ್ತಿದ್ದವಳು ನಗುವಳು, ಆಮೇಲೆ ಕಲಿಯುವಳು. ಊಟದ ಗಂಟೆ ಹೊಡೆದರೂ ಊಟಕ್ಕೆ ಬಿಡದ ಸೂಪರ್‌ವೈಸರಿಗೆ, "ಏನ್ ಸಾಮಿ, ಬೆಲ್ ಒಡ್ದಿದ್ದು ಕೇಳಿಸ್ನಿಲ್ವಾ? ಕಿವೀಗೂ ಟೇಪ್ ಸುತ್ತವ್ರಾ?" ಎಂದು ಕೇಳುವಳು. ಬಾಯಿದ್ದೋರು ಬರಗಾಲದಲ್ಲೂ ಬದುಕಿದರು ಅನ್ನುತ್ತಾರಲ್ಲ, ಅವಳ ಬಾಯಿಂದ ಒಂದು ಲೈನೇ ಬದುಕಿತ್ತು.

ಅವಳಿಗೆ ಆಸೆ ಇದ್ದದ್ದು ಒಂದೇ, ಕುರ್ಚಿ. ಲೈನಿನ ತುದಿಯಲ್ಲಿ ಸೂಪರ್‌ವೈಸರಿಗೆ ಅಂತ ಇರುವ ಪ್ಲಾಸ್ಟಿಕ್ ಕುರ್ಚಿ. ವರ್ಷಾನುಗಟ್ಟಲೆ ನಿಂತು ಅವಳ ಮೀನಖಂಡದಲ್ಲಿ ನರಗಳು ಗಂಟು ಕಟ್ಟಿಕೊಂಡಿದ್ದವು. "ಮುಂದಿನ ಸಲ ನಿಮ್ಮದೇ ಧನಲಕ್ಷ್ಮಿ" ಎಂದು ಸಂಗಮೇಶ ಪ್ರತಿ ಯುಗಾದಿಗೂ ಹೇಳುತ್ತಿದ್ದ. ಹೇಳುವಾಗ ಅವನೂ ನಂಬಿಯೇ ಹೇಳುತ್ತಿದ್ದ. ಹೋದ ಯುಗಾದಿ ಕಳೆದ ಮೇಲೆ ಆ ಕುರ್ಚಿಗೆ ಡಿಪ್ಲೊಮಾ ಮಾಡಿದ ಮಣಿಕಂಠ ಬಂದು ಕೂತ. ಅವನಿಗೆ ಕೆಲಸ ಕಲಿಸುವ ಹೊಣೆಯನ್ನು ಧನಕ್ಕನಿಗೇ ಕೊಟ್ಟರು. ಅವಳು ನಿಂತುಕೊಂಡೇ ಕಲಿಸಿದಳು.

ಅದೇ ಹೊತ್ತಿಗೆ ಕಂಪನಿಯವರು ನಂದಿಬೆಟ್ಟದ ದಾರಿಯ ಒಂದು ರೆಸಾರ್ಟಿನಲ್ಲಿ ಕೂತು ಯೋಜನೆ ಹಾಕಿದರು. ಜನ ಬಿಟ್ಟು ಹೋಗದಂತೆ ಮಾಡುವುದು ಹೇಗೆ ಅನ್ನುವುದು ವಿಷಯ. ಪರದೆಯ ಮೇಲೆ ಬಾಣದ ಗುರುತುಗಳು ಮೇಲೆ ಕೆಳಗೆ ಓಡಾಡಿದವು. ಇನ್ನು ಮುಂದೆ ಕೆಲಸ ಬಿಡುವವರಿಗೆ ಬೀಳ್ಕೊಡುಗೆ ಬೇಡ ಎಂದು ಸಲಹೆ ಕೊಟ್ಟವನು ಸಂಗಮೇಶನೇ. "ಹೋಗೋರ ಕೊರಳಿಗೆ ಹಾರ ಹಾಕಿದ್ರೆ ಉಳಿದೋರ ಕೊರಳು ನವೆ ಆಗತ್ತೆ ಸಾರ್" ಅಂದ. ಎಲ್ಲರೂ ನಕ್ಕರು, ಸಲಹೆ ಪಾಸಾಯಿತು. ಮಾಲೀಕ ಸುನೀಲ್ ಅವನನ್ನು ಪಕ್ಕಕ್ಕೆ ಕರೆದು, "ಆ ಧನಲಕ್ಷ್ಮಿ ಹೋದ್ರೆ ಲೈನೇ ಹೋಗತ್ತೆ. ಹೇಗಾದ್ರೂ ಉಳಿಸ್ಕೊಳ್ಳಿ. ಹೇಗೆ ಅಂತ ನಾನು ಕೇಳಲ್ಲ" ಎಂದರು.

"ಕುರ್ಚಿ ಕೊಟ್ರೆ ಉಳೀತಾರೆ ಸಾರ್."

"ಕೂತ್ಕೊಂಡ್ಬಿಟ್ರೆ ಲೈನ್ ಯಾರ್ರೀ ನಡೆಸೋದು?" ಎಂದು ಸುನೀಲ್ ಅವನ ಬೆನ್ನು ತಟ್ಟಿದರು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಸಂಗಮೇಶ ಇನ್ನೊಂದು ಮಾತು ಆಡಬಹುದಿತ್ತು. ಬಿಸಿಬೇಳೆಬಾತ್ ಚೆನ್ನಾಗಿತ್ತು, ಆಡಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಧನಲಕ್ಷ್ಮಿ ಅವನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಏರ್‌ಪೋರ್ಟ್ ಕಡೆಯ ದೊಡ್ಡ ಕಂಪನಿಯೊಂದರಲ್ಲಿ ಸೂಪರ್‌ವೈಸರ್ ಕೆಲಸಕ್ಕೆ ಹಾಕಿದ್ದಳು. ಇಂಟರ್ವ್ಯೂ ಮುಗಿದಿತ್ತು.

"ನಮ್ ಬಗ್ಗೆ ಇಚಾರಿಸಕ್ಕೆ ಯಾರ್‌ದಾದ್ರೂ ನಂಬರ್ ಕೊಡಿ ಅಂದ್ರು ಸಾ. ನಿಮ್ದೇ ಕೊಟ್ಟಿವ್ನಿ. ನೀವು ಎಲ್ಡ್ ಒಳ್ಳೆ ಮಾತ್ ಏಳಿ. ನಿಮಗ್ ಬುಟ್ರೆ ಇನ್ಯಾರಿಗ್ ಗೊತ್ತು ನನ್ ಕೆಲ್ಸ?"

"ಆಯ್ತು ಧನಲಕ್ಷ್ಮಿ" ಎಂದ. ಆಗ ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಫೋನು ಬಂದದ್ದು ಎರಡು ದಿನ ಬಿಟ್ಟು. ಕಂಪನಿಗಳಿಗೋಸ್ಕರ ಇಂಥ ವಿಚಾರಣೆ ಮಾಡಿಕೊಡುವ ಏಜೆನ್ಸಿಯ ಹುಡುಗಿ. ಹೆಸರು ಕೀರ್ತಿ ಅಂದಳು. ಧನಲಕ್ಷ್ಮಿ ಎಂಥವರು ಅಂತ ಕೇಳಿದಳು. ಸಂಗಮೇಶನ ಕಣ್ಣಿಗೆ ಬಾಣದ ಗುರುತುಗಳು, ಬೆನ್ನು ತಟ್ಟಿದ ಕೈ, ಖಾಲಿಯಾದ ಲೈನು, ಎಲ್ಲ ಒಟ್ಟಿಗೆ ಬಂದವು. ಬಾಯಿ ತಾನಾಗಿ ತೆರೆಯಿತು.

"ಕೆಲಸದಾಗ ಬೆರಳು ತೋರಿಸೋ ಹಂಗಿಲ್ಲ ಮೇಡಂ. ಆದರ ಬಾಯಿ ಸ್ವಲ್ಪ ಜೋರು. ಮ್ಯಾಲಿನವರ ಮಾತು ಕೇಳಂಗಿಲ್ಲ, ಹುಡುಗ್ಯಾರನ್ನ ಜಗಳಕ್ಕ ಹಚ್ಚತಾರ. ನಾಳಿ ಏನರೆ ಆದ್ರ ನನ್ನ ಹೆಸರು ಕೆಡಬಾರದಂತ ಹೇಳಾಕತ್ತೀನಿ."

"ತುಂಬಾ ಥ್ಯಾಂಕ್ಸ್ ಸಾರ್, ಹೇಳಿದ್ದು ಒಳ್ಳೇದಾಯ್ತು" ಎಂದಳು ಕೀರ್ತಿ.

ಫೋನು ಇಟ್ಟ ಮೇಲೆ ತಾನು ಆಡಿದ್ದು ಯಾರ ಮಾತು ಅಂತ ಗೊತ್ತಾಯಿತು. ನಗು ಬರಬೇಕಿತ್ತು, ಬರಲಿಲ್ಲ. ಕಂಪನಿಗೋಸ್ಕರ ಮಾಡಿದೆ ಎಂದು ತನಗೇ ಹೇಳಿಕೊಂಡು ಟೀ ತರಿಸಿ ಕುಡಿದ.

ಕೆಲಸ ಆಗಲಿಲ್ಲ. ಆ ಕಂಪನಿಯಲ್ಲಿ ಧನಕ್ಕನಿಗೆ ಪರಿಚಯದವರೊಬ್ಬರಿದ್ದರು, ಕಾರಣವನ್ನು ಅವರು ಅವಳ ಕಿವಿಗೆ ಹಾಕಿದರು. ಅವಳು ನೇರ ಸಂಗಮೇಶನ ಹತ್ತಿರವೇ ಬಂದಳು. ಆದರೆ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಬಾಯಿ ಜೋರು ಅಂತ ಬ್ಯಾಡ ಅಂದ್ರಂತೆ ಸಾ. ಇಂಟರ್ವ್ಯೂನಾಗೆ ನಾನೇ ಜಾಸ್ತಿ ಮಾತಾಡ್ಬುಟ್ನೇನೋ. ನೀವ್ ನೋಡ್ತಾನೇ ಇದ್ದೀರಲ್ಲ, ನಿಜ ಏಳಿ. ನನ್ ಬಾಯಿ ಅಷ್ಟೊಂದು ಕೆಟ್ಟದಾ?"

ದೇವರು ಒಮ್ಮೊಮ್ಮೆ ತಪ್ಪು ಮಾಡಿದವನ ಮುಂದೆ ಬಾಗಿಲನ್ನು ಪೂರ್ತಿ ತೆರೆದಿಡುತ್ತಾನೆ. ಸಂಗಮೇಶ ಆ ಬಾಗಿಲಿನ ಮುಂದೆ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಕೊನೆಗೆ ಮೇಜು ನೋಡುತ್ತಾ, "ಕೆಟ್ಟದೇನಿಲ್ಲ. ಆದ್ರೂ ಸ್ವಲ್ಪ ಕಮ್ಮಿ ಮಾಡ್ಕೊಂಡ್ರೆ ಒಳ್ಳೇದು ಧನಲಕ್ಷ್ಮಿ" ಅಂದ.

"ನೀವ್ ಏಳಿದ್ಮೇಲೆ ಸರಿ ಸಾ" ಎಂದು ಅವಳು ಹೊರಟು ಹೋದಳು. ಫೋನಿನಲ್ಲಿ ಆಡಿದ ಸುಳ್ಳಿಗೆ ಹೊಟ್ಟೆಪಾಡಿನ ನೆಪವಾದರೂ ಇತ್ತು. ಈ ಸುಳ್ಳಿಗೆ ಏನಿತ್ತು? ಅವಳ ಕಣ್ಣು ತಪ್ಪಿಸಿಕೊಳ್ಳುವುದು, ಅಷ್ಟೇ.

ಅವಳು ಹೇಳಿದ ಮಾತು ನಡೆಸುವವಳು. ಬಾಯಿ ಕಮ್ಮಿ ಮಾಡಿಕೊಂಡಳು. ಬೆಳಿಗ್ಗೆ ಬಂದು ಹಲಗೆಯ ಮುಂದೆ ನಿಂತರೆ ಸಂಜೆಯ ತನಕ ಕೈ ಮಾತ್ರ ಆಡುತ್ತಿತ್ತು. ಅಳುವ ಹುಡುಗಿ ಅಳುತ್ತಲೇ ಇದ್ದಳು. ಊಟದ ಗಂಟೆ ಹೊಡೆದ ಮೇಲೂ ಮಣಿಕಂಠ ಕೆಲಸ ತೆಗೆದ, ಯಾರೂ ಏನೂ ಅನ್ನಲಿಲ್ಲ. ಲೈನಿನಲ್ಲಿ ಕಂಪ್ರೆಸರಿನ ಸದ್ದು ಮೊದಲ ಸಲ ಚೆನ್ನಾಗಿ ಕೇಳಿಸತೊಡಗಿತು.

ಸಂಗಮೇಶನ ಹೆಂಡತಿ ಸ್ಮಿತಾಳಿಗೂ ಧನಕ್ಕನ ಪರಿಚಯವಿತ್ತು. ಒಂದು ಸಂಜೆ ರೊಟ್ಟಿ ತಟ್ಟುತ್ತಾ, "ನಿಮ್ಮ ಧನಕ್ಕ ಕೆರಿ ಹತ್ರ ಸಿಕ್ಕಿದ್ಲು ನೋಡ್ರಿ. ನಾ ಮಾತಾಡ್ಸಿದ್ರ ಹೂಂ ಅಂದ್ಲು, ಅಷ್ಟ. ಆಕಿಗೆ ಏನಾಗೈತಿ? ಯಾರರೆ ಏನರೆ ಅಂದಾರೇನು?" ಎಂದಳು.

"ನನಗೇನ್ ಗೊತ್ತು?" ಎಂದು ಅವನು ಸಿಡುಕಿದ. ಸ್ಮಿತಾ ತಿರುಗಿ ಅವನ ಮುಖ ನೋಡಿದಳು. ಅವನು ಕೈ ತೊಳೆಯುವ ನೆಪ ಮಾಡಿ ಎದ್ದ. ಆಮೇಲೆ ಎಷ್ಟೋ ದಿನ ಹೆಂಡತಿಯ ಎದುರು ಕೂತು ಉಣ್ಣಲು ಅವನಿಗೆ ನಾಚಿಕೆಯಾಗುತ್ತಿತ್ತು. ಟಿ.ವಿ. ಮುಂದೆ ತಟ್ಟೆ ಹಿಡಿದುಕೊಂಡು ಕೂರುತ್ತಿದ್ದ.

ದೀಪಾವಳಿಯ ಸಭೆಯಲ್ಲಿ ಸುನೀಲ್ ಅವನಿಗೆ ಶಾಲು ಹೊದಿಸಿದರು. ಮುಖ್ಯವಾದವರು ಯಾರೂ ಬಿಟ್ಟು ಹೋಗದಂತೆ ನೋಡಿಕೊಂಡದ್ದಕ್ಕೆ ಸನ್ಮಾನ. "ಏನ್ ಮಂತ್ರ ಹಾಕಿದ್ರಿ ಸಂಗಮೇಶ್?" ಎಂದು ಮೈಕಿನಲ್ಲೇ ತಮಾಷೆ ಮಾಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸಂಗಮೇಶ ಹೆಗಲ ಮೇಲಿನ ಶಾಲನ್ನು ಎಳೆದುಕೊಂಡ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದ ಧನಕ್ಕ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಅವಳ ಕಡೆ ಒಂದು ಕುರ್ಚಿ ಕೂಡ ಖಾಲಿ ಇರಲಿಲ್ಲ.

ಶಾಲಿನ ಹೊಸತನ ಮಾಸುವುದರೊಳಗೆ ಅವಳ ಲೈನಿನಿಂದ ಹುಡುಗಿಯರು ಹೋಗತೊಡಗಿದರು. ಒಬ್ಬಳ ಹಿಂದೆ ಒಬ್ಬಳು. ಯಾಕಮ್ಮ ಅಂತ ಸಂಗಮೇಶ ಕೇಳಿದರೆ, "ಮೊದ್ಲಿನ್ ಥರ ಇಲ್ಲ ಸಾರ್" ಅನ್ನುವರು, ಮುಂದೆ ಏನೂ ಹೇಳಲು ಅವರಿಗೂ ತಿಳಿಯದು. ಹಾರವಿಲ್ಲ, ಫೋಟೋ ಇಲ್ಲ, ಹಿಂದಿನ ಗೇಟಿನಿಂದ ಹೋದರು. ಸುನೀಲ್ ಹೊಸ ಯೋಜನೆ ಹಾಕೋಣ ಅಂದರು. ಇರುವ ಯೋಜನೆ ಹುಡುಗಿಯರನ್ನು ಓಡಿಸಿದ್ದು ಹೇಗೆ ಅಂತ ಆ ಕಾರ್ಖಾನೆಯಲ್ಲಿ ಒಬ್ಬನಿಗೇ ಗೊತ್ತಿತ್ತು, ಅವನು ಬಾಯಿ ಬಿಡಲಿಲ್ಲ.

ಸಂಕ್ರಾಂತಿ ಬಂತು. ಹಬ್ಬದ ದಿನ ಹೆಂಗಸರು ರೇಷ್ಮೆ ಸೀರೆ ಉಟ್ಟು ಬಂದು, ಒಬ್ಬರಿಗೊಬ್ಬರು ಎಳ್ಳು ಬೀರಿ, ಆಮೇಲೆ ಸೀರೆಯ ಮೇಲೆ ಏಪ್ರನ್ ಹಾಕಿಕೊಂಡು ಹಲಗೆಯ ಮುಂದೆ ನಿಲ್ಲುವುದು ಅಲ್ಲಿಯ ರೂಢಿ. ಧನಕ್ಕ ಸಂಗಮೇಶನ ಕೋಣೆಗೂ ಬಂದಳು. ಅವನ ಅಂಗೈಗೆ ಎಳ್ಳುಬೆಲ್ಲ ಹಾಕಿದಳು.

"ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ ಸಾ."

ಎಲ್ಲರೂ ಎಲ್ಲರಿಗೂ ಹೇಳುವ ಮಾತು. ಅವಳೂ ವಾಡಿಕೆಗೆ ಹೇಳಿದ್ದು. ಸಂಗಮೇಶ ಅದನ್ನು ಬಾಯಿಗೆ ಹಾಕಿಕೊಂಡ. ಕೊಬ್ಬರಿ ಚೂರು ಹಲ್ಲಿನ ನಡುವೆ ಸಿಕ್ಕಿತು.

"ಇನ್ನೊಂದ್ ಕಡೆ ಆಕಿವ್ನಿ ಸಾ" ಎಂದಳು ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡುವುದನ್ನು ಕೇಳುವುದೇ ಒಂದು ಹಿಂಸೆ. "ಈ ಸಲ ಕೇಳಿದ್ದಕ್ಕಷ್ಟೇ ಉತ್ರ ಕೊಟ್ಟೆ. ನೀವ್ ಬುದ್ಧಿ ಏಳಿದ್ ಒಳ್ಳೇದಾಯ್ತು. ಈ ಸಲಾನೂ ನಿಮ್ ನಂಬರೇ ಕೊಟ್ಟಿವ್ನಿ."

ಹಬ್ಬ ಕಳೆದ ವಾರವೇ ಫೋನು ಬಂತು. ಅದೇ ಏಜೆನ್ಸಿ, ಅದೇ ಕೀರ್ತಿ. ಸಂಗಮೇಶ ಕಾದು ಕೂತವನಂತೆ ಹೊಗಳಲು ಶುರು ಮಾಡಿದ. ಅಂಥ ಕೆಲಸಗಾರ್ತಿ ಇಲ್ಲ, ಅಂಥ ಮನಸ್ಸಿಲ್ಲ, ಅವರಿದ್ದ ಕಡೆ ಹುಡುಗಿಯರು ಬಿಟ್ಟು ಹೋಗುವುದಿಲ್ಲ. ಆ ಕಡೆ ಕೀರ್ತಿ ಅರ್ಧದಲ್ಲೇ ತಡೆದಳು.

"ಸಾರ್, ಹೋದ ಸಲಾನೂ ನಾನೇ ಮಾತಾಡಿದ್ದು. ಆಗ ನೀವು ಬಾಯಿ ಜೋರು, ಜಗಳ ಹಚ್ತಾರೆ ಅಂದಿದ್ರಿ. ನಾನು ಯಾವುದನ್ನ ನಂಬ್ಲಿ? ಸುಳ್ಳು ಆಗ ಹೇಳಿದ್ರೋ, ಈಗ ಹೇಳ್ತಿದೀರೋ?"

ಅವಳು ಅವನ ಮಗಳ ವಯಸ್ಸಿನವಳಿರಬೇಕು. ಬೈಗುಳವೇನೂ ಅಲ್ಲ, ಸರಳವಾದ ಪ್ರಶ್ನೆ. ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ ಅನ್ನಬಹುದಿತ್ತು, ಈಗ ಸುಧಾರಿಸಿದ್ದಾರೆ ಅನ್ನಬಹುದಿತ್ತು. ಎರಡೂ ನಾಲಗೆಯ ತುದಿಗೆ ಬಂದವು. ಎರಡರಿಂದಲೂ ಧನಕ್ಕನಿಗೆ ಒಂದು ಕಲೆ ಉಳಿಯುತ್ತಿತ್ತು.

"ಆಗ ಹೇಳಿದ್ದು ಸುಳ್ಳ ಮೇಡಂ."

"ಯಾಕೆ ಸಾರ್?"

"ಅವರು ಬಿಟ್ಟು ಹೋಗಬಾರದಂತ."

"ನೀವೇ ಹಿಂಗಂದ್ರಿ ಅಂತ ನಿಮ್ ಹೆಸರು ಹಾಕಿಯೇ ತಿಳಿಸ್ಬೇಕಾಗತ್ತೆ" ಎಂದಳು ಕೀರ್ತಿ. ಥ್ಯಾಂಕ್ಸ್ ಹೇಳಲಿಲ್ಲ.

"ತಿಳಿಸ್ರಿ" ಎಂದ.

ಕೆಲಸ ಆಯಿತು. ಸುದ್ದಿ ಬಂದ ದಿನ ಅವನು ಧನಕ್ಕನನ್ನು ಕೋಣೆಗೆ ಕರೆಸಿದ, ಎದ್ದು ನಿಂತು ಅವಳಿಗೆ ಕುರ್ಚಿ ಎಳೆದು ಕೊಟ್ಟ. ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಅವಳು ಸಂತೋಷದಿಂದ ಕೂತಳು. ಅವನು ಹೇಳಿದ. ಮೊದಲ ಫೋನು, ಅದರಲ್ಲಿ ಆಡಿದ ಮಾತು, ಯಾಕೆ ಆಡಿದೆ ಅನ್ನುವುದು, ಏನೂ ಮುಚ್ಚಿಡಲಿಲ್ಲ. ಹೇಳುತ್ತಿರುವಾಗಲೇ ಅವಳು ಕುರ್ಚಿಯಿಂದ ಎದ್ದು ನಿಂತಳು.

"ಅಂಗಾರೆ ನಾನ್ ಬಂದು ಕೇಳ್ದಾಗ? ಬಾಯಿ ಕಮ್ಮಿ ಮಾಡ್ಕೊಳ್ಳಿ ಅಂದ್ರಲ್ಲ?"

"ಅದೂ ಸುಳ್ಳ. ನಿಮ್ಮ ಬಾಯಾಗ ಎಂದೂ ಏನೂ ತಪ್ಪಿರಲಿಲ್ಲ ಧನಕ್ಕ."

ಅವನು ಅವಳನ್ನು ಧನಕ್ಕ ಅಂದದ್ದೂ ಅದೇ ಮೊದಲು. ಬೈಯುತ್ತಾಳೆ ಅಂತ ಕಾದ. ಬೈಯಲಿ ಎಂದು ಬೇಡಿಕೊಂಡ. ಅವಳು ಗೋಡೆಯ ಕಡೆ ನೋಡುತ್ತಾ ಮಾತಾಡಿದಳು.

"ನನ್ ಮಗ್ಳು ನನ್ ಥರಾನೇ ಸಾ. ಕಾಲೇಜ್ನಾಗೆ ಯಾವನೋ ಏನೋ ಅಂದ ಅಂತ ಎದುರ್ ನಿಂತ್ಕೊಂಡ್ ಕೇಳ್ಬುಟ್ ಬಂದ್ಲು. ಸರಿಯಾಗೇ ಕೇಳಿದ್ಲು. ನಾನ್ ಬಾಯ್ ಮೇಲೇ ಒಡ್ದೆ. ಬಾಯಿ ಜೋರಿದ್ರೆ ಅನ್ನ ಉಟ್ಟಲ್ಲ ಕಣೇ, ನಮ್ ಸಾರೇ ಏಳವ್ರೆ ಅಂದೆ. ಅವತ್ತಿಂದ ಅವ್ಳು ನನ್ತಾವ ಸರಿಯಾಗ್ ಮಾತಾಡ್ತಿಲ್ಲ." ಅವಳು ತಿರುಗಿ ಅವನನ್ನು ನೋಡಿದಳು. "ಇವತ್ತು ಮನೇಗ್ ಓಗಿ ಅವ್ಳಿಗೆ ಏನಂತ ಏಳ್ಲಿ ಸಾ?"

ಸಮಾಧಾನದ ಮಾತನ್ನೇ ಹೊಟ್ಟೆಪಾಡು ಮಾಡಿಕೊಂಡವನು ನೀರಿನ ಲೋಟವನ್ನು ಅವಳ ಕಡೆ ಸರಿಸಿದ. ಅವಳು ಅದನ್ನು ಮುಟ್ಟಲಿಲ್ಲ, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿಟ್ಟು ಹೋದಳು.

ಅವಳ ಕೊನೆಯ ದಿನ ಬೀಳ್ಕೊಡುಗೆ ಇರಲಿಲ್ಲ. ನಿಯಮ ನಿಯಮವೇ. ಆದರೆ ಲೈನಿನ ಹುಡುಗಿಯರು ಬಿಸಾಡುವ ವೈರಿನ ತುಂಡುಗಳನ್ನೆಲ್ಲ ಆಯ್ದು, ಕೆಂಪು ಹಳದಿ ಹಸಿರು ಸೇರಿಸಿ ಹೆಣೆದು ಒಂದು ಹಾರ ಮಾಡಿದ್ದರು. ಕೆಲಸ ಮುಗಿದ ಗಂಟೆ ಹೊಡೆದ ಕೂಡಲೇ ಅವಳ ಕೊರಳಿಗೆ ಹಾಕಿದರು. ಮಣಿಕಂಠ ಏನೋ ಅನ್ನಲು ಹೋದ. "ಏನ್ ಸಾಮಿ, ನಿಮ್ಗೂ ಒಂದ್ ಬೇಕಾ? ಮೊದ್ಲು ಕೆಲ್ಸ ಕಲೀರಿ, ಆಮೇಲ್ ಆಕ್ತಾರೆ!" ಎಂದು ಧನಕ್ಕ ಕೂಗಿದಳು. ಎಷ್ಟೋ ತಿಂಗಳ ಮೇಲೆ ಆ ಲೈನಿನಿಂದ ಜೋರು ನಗು ಎದ್ದಿತು. ಗಾಜಿನ ಆಚೆ ಕೂತಿದ್ದ ಸಂಗಮೇಶ ಹೊರಗೆ ಹೋಗಬೇಕು ಅಂದುಕೊಂಡ. ಯಾವ ಮುಖ ಹೊತ್ತು ಹೋಗುವುದು?

ಚಪ್ಪಲಿಯ ಸದ್ದು ಅವನ ಬಾಗಿಲಿನ ಮುಂದೆ ಬಂತು. ಅವನು ಎದ್ದು ನಿಂತ. ಸದ್ದು ನಿಲ್ಲದೆ ಮುಂದೆ ಹೋಯಿತು.

"ಓಗ್ಬರ್ತೀನಿ ಲಾಲ್ ಸಾಬ್ರೇ!" ಎಂದು ಗೇಟಿನ ಕಾವಲುಗಾರನಿಗೆ ಅವಳು ಕೂಗಿ ಹೇಳಿದ್ದು ಒಳಗಿನ ತನಕ ಕೇಳಿಸಿತು. ಕ್ಯಾಂಟೀನಿನ ಮಾರಮ್ಮನಿಗೂ ಹೇಳಿದಳು, ವ್ಯಾನಿನ ಡ್ರೈವರನಿಗೂ ಹೇಳಿದಳು. ಅವನೊಬ್ಬನಿಗೆ ಹೇಳಲಿಲ್ಲ.